ನಾಲ್ಕು ವರ್ಷದ ಮಗಳಿಗೆ ಶಾಲೆಯವರು ಟ್ಯಾಬ್ ಕೇಳುತ್ತಿದ್ದಾರೆ. ಏನು ಮಾಡಲಿ?

ಗುತ್ತಲು ರಸ್ತೆ ಅಮ್ಮ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮುಂದಿನ ತಿಂಗಳು ನಾಲ್ಕು ತುಂಬುತ್ತದೆ. ಜೂನ್‌ಗೆ ಎಲ್‌ಕೆಜಿ. ಇಲ್ಲೇ ಮಂಡ್ಯದಲ್ಲಿ ಒಂದು ಶಾಲೆ ನೋಡಿದ್ದೆವು. ಮೊನ್ನೆ ಶನಿವಾರ ಅಲ್ಲಿ ಅಪ್ಪ ಅಮ್ಮಂದಿರನ್ನೆಲ್ಲ ಕರೆದು ಮಾತಾಡಿದರು. ಈ ವರ್ಷದಿಂದ ಎಲ್‌ಕೆಜಿ ಮಕ್ಕಳಿಗೂ ಟ್ಯಾಬ್‌ನಲ್ಲಿ ಪಾಠವಂತೆ. ಫೀಸಿನ ಮೇಲೆ ಅದಕ್ಕೆ ಬೇರೆ 9,000 ರೂಪಾಯಿ. ಈಗಲೇ ಕೈಗೆ ಕೊಡದಿದ್ದರೆ ಮುಂದೆ ಬೆಂಗಳೂರಿನ ಮಕ್ಕಳ ಸಮಕ್ಕೆ ಬರುವುದಿಲ್ಲ ಅಂದರು.

ನಮ್ಮ ಯಜಮಾನರಿಗೆ ಕೊಡಿಸಲೇಬೇಕು ಅಂತ. ಅವರು ನಾಗಮಂಗಲದ ಕಡೆ ಹಳ್ಳಿಯವರು. ಕಂಪ್ಯೂಟರ್ ಮುಟ್ಟಿದ್ದೇ ಇಂಜಿನಿಯರಿಂಗ್ ಸೇರಿದ ಮೇಲೆ. ಲ್ಯಾಬ್‌ನಲ್ಲಿ ಮೊದಲ ದಿನ ಆನ್ ಮಾಡುವ ಬಟನ್ ಎಲ್ಲಿದೆ ಅಂತ ಗೊತ್ತಾಗದೆ, ಕೇಳಲು ನಾಚಿಕೆಯಾಗಿ, ಗಂಟೆಯಿಡೀ ಸುಮ್ನೆ ಕೂತಿದ್ದರಂತೆ. "ಆ ಥರ ನನ್ನ ಮಗಳು ಕೂರಬಾರದು" ಅನ್ನುತ್ತಾರೆ. ಅದನ್ನು ಕೇಳಿದ ಮೇಲೆ ಬೇಡ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಇತ್ತ ನೋಡಿದರೆ ಮನೆಯಲ್ಲಿ ಆಗಲೇ ಫೋನ್ ಇಲ್ಲದೆ ಅವಳಿಗೆ ಊಟ ಇಳಿಯುವುದಿಲ್ಲ. ನಾನು ಕೆಲಸಕ್ಕೆ ಹೋಗುತ್ತೇನೆ, ಅತ್ತೆ ನೋಡಿಕೊಳ್ಳುತ್ತಾರೆ. ಒಂದು ತುತ್ತು ಬಾಯಿಗೆ ಹೋಗಬೇಕಾದರೆ ಎದುರಿಗೆ ವಿಡಿಯೋ ಓಡುತ್ತಿರಬೇಕು. ಫೋನ್ ತೆಗೆದುಕೊಂಡರೆ ಅವಳು ಅಳುವ ರೀತಿ ನೋಡಿ ನನಗೆ ಭಯವಾಗಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಹೂಟಗಳ್ಳಿ ಕೋಡರ್, ಮೈಸೂರು:

ಅಕ್ಕ, ನಾನು ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಬ್ಬರು ಮಕ್ಕಳು. ನಿಮ್ಮ ಯಜಮಾನರು ಪಟ್ಟ ಸಂಕಟ ನನಗೂ ಗೊತ್ತು, ಪಿಯುಸಿ ಮುಗಿಯುವವರೆಗೆ ನಾನೂ ಕಂಪ್ಯೂಟರ್ ಕಂಡವನಲ್ಲ. ಆದರೆ ಆ ಕಷ್ಟ ಎಷ್ಟು ದಿನ ಇತ್ತು ಅಂತ ಅವರನ್ನೇ ಕೇಳಿ ನೋಡಿ. ಒಂದು ಸೆಮಿಸ್ಟರ್ ಇರಬಹುದು. ನಮ್ಮಮ್ಮ 68ನೇ ವಯಸ್ಸಿನಲ್ಲಿ ದೇವರಾಜ ಮಾರುಕಟ್ಟೆಯ ಹೂವಿನವರಿಗೆ ಫೋನಿನಲ್ಲೇ ದುಡ್ಡು ಕಳಿಸುವುದು ಕಲಿತರು. ಒಂದು ವಾರ ಸಾಕಾಯಿತು. ಟಚ್ ಸ್ಕ್ರೀನನ್ನು ಮಾಡಿರುವುದೇ ಯಾರೂ ಕಲಿಸದೆ ಬರುವ ಹಾಗೆ. ಅದಕ್ಕೆ ನಾಲ್ಕನೇ ವರ್ಷದಿಂದ ತಯಾರಿ ಬೇಡ.

ನನ್ನ ಕೆಲಸದಲ್ಲಿ ನಿಜವಾಗಿ ಬೇಕಾಗುವುದು ಬೇರೆ. ಒಂದು ತಪ್ಪು ಹುಡುಕಲು ಮೂರು ದಿನ ಹಿಡಿದರೂ ಕೂರುವ ತಾಳ್ಮೆ ಬೇಕು. ಓದಿದ್ದು ತಲೆಗೆ ಹೋಗಬೇಕು. ಗೊತ್ತಿಲ್ಲದ್ದನ್ನು ಪಕ್ಕದವರನ್ನು ಕೇಳಲು ಸಂಕೋಚ ಇರಬಾರದು. ಅವತ್ತು ಲ್ಯಾಬ್‌ನಲ್ಲಿ ಕೇಳಿದ್ದರೆ ಒಂದು ನಿಮಿಷದ ಕೆಲಸ, ಅಲ್ವಾ? ಆ ಧೈರ್ಯ ಟ್ಯಾಬ್‌ನಿಂದ ಬರುವುದಿಲ್ಲ.

ಹಾಗಂತ ಮಕ್ಕಳಿಗೆ ಕಂಪ್ಯೂಟರೇ ಬೇಡ ಅನ್ನುವವನು ನಾನಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್ ಮತ್ತು ಜೊತೆಯವರು ಮಕ್ಕಳಿಗೆಂದೇ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆ ಇರುತ್ತದೆ. ಇಷ್ಟು ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಅಂದರೆ ಹಾಗೇ ಗೆರೆ ಎಳೆಯುತ್ತದೆ. ಚೌಕ ಹೇಗೆ ಬರೆಸುವುದು ಅಂತ ತಿಳಿಯದಿದ್ದರೆ ಮಗು ತಾನೇ ಎದ್ದು ಆಮೆಯ ಹಾಗೆ ನಡೆದು ನೋಡಬೇಕು. ನನ್ನ ದೊಡ್ಡ ಮಗಳಿಗೆ ಎಂಟನೇ ವರ್ಷದಲ್ಲಿ ಸ್ಕ್ರಾಚ್ ತೋರಿಸಿದೆ. ಅದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ 2007ರಲ್ಲಿ ಬಂದದ್ದು, ಲೋಗೋ ವಂಶದ್ದೇ. ಅವಳು ಹಾಲ್‌ನಲ್ಲಿ ಹೆಜ್ಜೆ ಎಣಿಸುತ್ತಾ ಓಡಾಡಿದ್ದು ನೋಡಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ. ಸ್ಕ್ರಾಚ್ ಮಾಡಿದವರು ಅದನ್ನು 8 ವರ್ಷದಿಂದ ಮೇಲಿನವರಿಗೆ ಅನ್ನುತ್ತಾರೆ. ಅದರ ಚಿಕ್ಕವರ ಅವತಾರ ಸ್ಕ್ರಾಚ್ ಜೂನಿಯರ್ 5ರಿಂದ 7ರವರಿಗೆ. ಇದರಲ್ಲೇ ಜೀವನ ಕಳೆದವರೂ ನಾಲ್ಕು ತುಂಬದ ಮಗುವಿಗೆ ಅಂತ ಹೇಳಲಿಲ್ಲ.

ಶಾಲೆಯವರನ್ನು ಒಂದು ಮಾತು ಕೇಳಿ. ಆ ಟ್ಯಾಬ್‌ನಲ್ಲಿ ಮಗು ಏನು ಮಾಡುತ್ತದೆ? ಎ ಒತ್ತಿದರೆ ಆ್ಯಪಲ್ ಅನ್ನುತ್ತದೆ, ಅಷ್ಟೇನಾ?

ಪಾಂಡವಪುರ ಮೇಷ್ಟ್ರು:

ತಾಯಿ, ನಾನು 21 ವರ್ಷದಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಹೆಚ್ಚು ಭಾಗ ಒಂದರಿಂದ ಮೂರನೇ ತರಗತಿ, ಅಂದರೆ ನಲಿ-ಕಲಿ. ಈಗಿನ ಕಂಪನಿಗಳು ಟ್ಯಾಬ್ ಮಾರುವಾಗ "ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತದೆ" ಅಂತ ದೊಡ್ಡದಾಗಿ ಬರೆಯುತ್ತವೆ. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲೇ ಮೇಷ್ಟ್ರುಗಳು ರಟ್ಟಿನ ಕಾರ್ಡಿನಲ್ಲಿ ಅದನ್ನು ಮಾಡಿದ್ದರು. ಗೋಡೆಯ ಮೇಲೆ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗುವೇ ನೋಡಿಕೊಂಡು ಕಾರ್ಡ್ ತೆಗೆದುಕೊಳ್ಳುತ್ತದೆ. ಒಂದು ಮಗು ಹಿಂದೆ ಉಳಿದರೆ ಯಾರೂ ಬೈಯುವುದಿಲ್ಲ, ನಾಳೆ ಅಲ್ಲಿಂದಲೇ ಮುಂದಕ್ಕೆ. ಕಾರ್ಡ್ ಕೈಯಲ್ಲಿ ಹಿಡಿಯಬಹುದು, ಪಕ್ಕದವನಿಗೆ ತೋರಿಸಬಹುದು, ಅದಕ್ಕಾಗಿ ಜಗಳವನ್ನೂ ಆಡಬಹುದು.

ಕೊರೊನಾ ಕಾಲ ನೆನಪಿದೆಯಲ್ಲ. 2020ರ ಜೂನ್‌ನಲ್ಲಿ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡ ಅಂತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮೂರಿನ ಮಕ್ಕಳಿಗೆ ಎರಡೂ ಒಂದೇ. ಫೋನ್ ಅಪ್ಪನ ಜೇಬಿನಲ್ಲಿ, ಅಪ್ಪ ಗದ್ದೆಯಲ್ಲಿ. ನಾವು ವಿದ್ಯಾಗಮ ಅಂತ ದೇವಸ್ಥಾನದ ಜಗಲಿ ಮೇಲೆ, ಹೊಂಗೆ ಮರದ ಕೆಳಗೆ ಕೂತು ಪಾಠ ಮಾಡಿದೆವು. 2021ರ ಅಕ್ಟೋಬರ್‌ನಲ್ಲಿ ಒಂದರಿಂದ ಐದನೇ ತರಗತಿ ತೆರೆದಾಗ ಒಬ್ಬ ಹುಡುಗ ಮೂರನೇ ತರಗತಿಗೆ ಬಂದ. ಅಷ್ಟರಲ್ಲಿ ಅವನ ಕೈಗೆ ಫೋನ್ ಸಿಕ್ಕಿತ್ತು. ಜಾಹೀರಾತು ದಾಟಿಸಿ ವಿಡಿಯೋ ಹಾಕುವುದರಲ್ಲಿ ನನಗಿಂತ ಚುರುಕು. ಪೆನ್ಸಿಲ್ ಹಿಡಿಯಲು ಬರುತ್ತಿರಲಿಲ್ಲ. ಬೆರಳಿಗೆ ಬಲವೇ ಇರಲಿಲ್ಲ. ಅವನಿಗೆ ಎರಡು ತಿಂಗಳು ಜೇಡಿಮಣ್ಣು ಕೊಟ್ಟು ಉಂಡೆ ಮಾಡಿಸಿದೆ. ಆಮೇಲೆ ಅಕ್ಷರ.

ನಾಲ್ಕು ವರ್ಷದ ಬೆರಳಿಗೆ ಮಣ್ಣು, ದಾರ, ಬೀಜ, ಕತ್ತರಿ ಬೇಕು. ಗಾಜಿನ ಮೇಲೆ ಜಾರಿಸಿದರೆ ಬೆರಳು ಗಟ್ಟಿಯಾಗುವುದಿಲ್ಲ. ಇದು ನನ್ನ ಕಣ್ಣಾರೆ ಕಂಡದ್ದು.

ಮಳವಳ್ಳಿ ಹುಡುಗ:

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನನಗೆ 19. ನಾನು ಓದಿದ್ದು ನಿಮ್ಮಂಥ ಶಾಲೆಯಲ್ಲೇ. ಏಳನೇ ತರಗತಿಯಲ್ಲಿ ಅಪ್ಪನ ಹಳೇ ಫೋನ್ ಸಿಗದೇ ಹೋಗಿದ್ದರೆ ಇವತ್ತು ನಾನು ಇಂಜಿನಿಯರಿಂಗ್‌ನಲ್ಲಿ ಇರುತ್ತಿರಲಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ಗಣಿತದ ವಿಡಿಯೋ ನೋಡಿದೆ. ನಮ್ಮೂರಲ್ಲಿ ಟ್ಯೂಷನ್ ಅಂತ ಹೇಳಿಕೊಡುವವರೇ ಇರಲಿಲ್ಲ. ಭಾಗಾಕಾರ ಬರುವುದಿಲ್ಲ ಅಂತ ಕ್ಲಾಸಲ್ಲಿ ಹೇಳಲು ನಾಚಿಕೆ, ಫೋನ್ ಮುಂದೆ ನಾಚಿಕೆ ಇಲ್ಲ. ಒಂದೇ ಲೆಕ್ಕವನ್ನು ಹತ್ತು ಸಲ ನೋಡಿದ್ದೇನೆ. ಎಂಟನೇ ತರಗತಿಯಲ್ಲಿ ಫೋನಿನಲ್ಲೇ ಕೋಡ್ ಬರೆಯಲು ಶುರು ಮಾಡಿದೆ.

"ಮಕ್ಕಳಿಗೆ ಫೋನ್ ಬೇಡ" ಅನ್ನುವುದು ಮೈಸೂರಿನ ದೊಡ್ಡ ಮನೆಗಳಿಗೆ ಸುಲಭ. ಅಲ್ಲಿ ಪುಸ್ತಕ ಇವೆ, ಟ್ಯೂಷನ್ ಇದೆ, ಇಂಗ್ಲಿಷ್ ಬರುವ ಅಮ್ಮ ಇದ್ದಾರೆ. ನಮಗೆ ಅದೊಂದೇ ಕಿಟಕಿ. ದಯವಿಟ್ಟು ಅದನ್ನು ಮುಚ್ಚುವ ಮಾತು ಆಡಬೇಡಿ.

ಪಾಂಡವಪುರ ಮೇಷ್ಟ್ರು:

ಮಗು, ನಿನ್ನ ಮಾತು ನನಗೆ ಹಿಡಿಸಿತು. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಭಾಗಾಕಾರ ಬರುವುದಿಲ್ಲ ಅಂತ ನೀನು ಕ್ಲಾಸಲ್ಲಿ ಹೇಳಲಾಗದೇ ಇದ್ದದ್ದು ನಮ್ಮಂಥವರ ತಪ್ಪು.

ಆದರೆ ಎರಡು ವಿಷಯ ಗಮನಿಸು. ನಿನಗೆ ಆಗ ಹನ್ನೆರಡು. ಓದಲು ಬರುತ್ತಿತ್ತು, ಏನು ಬೇಕು ಅಂತ ನಿನಗೇ ಗೊತ್ತಿತ್ತು. ಹುಡುಕಿಕೊಂಡು ಹೋದೆ. ನಾಲ್ಕರ ಮಗುವನ್ನು ಫೋನೇ ಹುಡುಕಿಕೊಂಡು ಬರುತ್ತದೆ. ಎರಡನೆಯದು, ಎಲ್ಲರೂ ನಿನ್ನ ಹಾಗೆ ಬಳಸುವುದಿಲ್ಲ. ಅಸರ್ ಸಮೀಕ್ಷೆಯವರು 2024ರಲ್ಲಿ ದೇಶದ ಹಳ್ಳಿಗಳಲ್ಲಿ 14ರಿಂದ 16 ವರ್ಷದವರನ್ನು ಕೇಳಿದರು. ಹಿಂದಿನ ವಾರದಲ್ಲಿ ಓದಿಗೆ ಸಂಬಂಧಪಟ್ಟದ್ದಕ್ಕೆ ಫೋನ್ ಬಳಸಿದವರು ಶೇ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76.

ಸಾಮಾನು ಕೊಟ್ಟರೆ ಸಾಕು ಅಂದುಕೊಂಡವರೂ ಇದ್ದರು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಲೆಕ್ಕ ಹಾಕಿ ನೋಡಿದಾಗ ಗಣಿತ, ಭಾಷೆಯ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಾನು ಮೊದಲಿದ್ದ ಒಂದು ಶಾಲೆಗೆ ಬಂದ ಕಂಪ್ಯೂಟರ್‌ಗಳು ಎರಡು ವರ್ಷ ಕವರ್ ತೆಗೆಯದೆ ಕೂತಿದ್ದವು. ಹೇಳಿಕೊಡುವವರು ಬರಲಿಲ್ಲ.

ಮದ್ದೂರು ಗಾರ್ಮೆಂಟ್ಸ್ ಅಕ್ಕ:

ಎಲ್ಲ ಓದಿದೆ. ನನಗೆ ಸ್ವಲ್ಪ ಬೇಜಾರಾಯಿತು, ಹೇಳಿಬಿಡುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಬೆಳಗ್ಗೆ ಏಳೂವರೆಗೆ ಗಾಡಿ ಬರುತ್ತದೆ. ವಾಪಸ್ ಬರುವುದು ಏಳು ಗಂಟೆ. ಮಗನಿಗೆ ಐದು ವರ್ಷ. ಮನೆಯಲ್ಲಿ ನಾವಿಬ್ಬರೇ. ಒಲೆ ಮುಂದೆ ನಿಂತಾಗ ಅವನು ಬಿಸಿ ಪಾತ್ರೆಗೆ ಕೈ ಹಾಕಬಾರದು ಅಂತ ಫೋನ್ ಕೊಡುತ್ತೇನೆ. ನಲವತ್ತು ನಿಮಿಷ. ಜೇಡಿಮಣ್ಣು, ಕಾರ್ಡು ಎಲ್ಲ ಚೆನ್ನಾಗಿದೆ. ಪಕ್ಕದಲ್ಲಿ ಕೂರುವವರು ಯಾರು? ನಾನು ಕೆಟ್ಟ ತಾಯಿ ಅಲ್ಲ.

ಹೂಟಗಳ್ಳಿ ಕೋಡರ್, ಮೈಸೂರು:

ಅಕ್ಕ, ಖಂಡಿತ ಅಲ್ಲ. ನಲವತ್ತು ನಿಮಿಷದಿಂದ ಏನೂ ಹಾಳಾಗುವುದಿಲ್ಲ. ಭಾರತದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳುವುದು ಹೀಗೆ: ಎರಡು ವರ್ಷದವರೆಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ. ನೀವು ಅದರ ಒಳಗೇ ಇದ್ದೀರಿ.

ಒಂದೇ ಒಂದು ಕೆಲಸ ಮಾಡಿ. ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ತಾನಾಗೇ ಶುರುವಾಗುತ್ತದಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಭಾನುವಾರ ನೀವೇ ಕೂತು ಒಳ್ಳೆಯದು ನಾಲ್ಕು ಡೌನ್‌ಲೋಡ್ ಮಾಡಿ, ಅಡುಗೆ ಹೊತ್ತಿಗೆ ಇಂಟರ್ನೆಟ್ ಆಫ್ ಮಾಡಿ ಕೊಡಿ. ವಿಡಿಯೋ ಮುಗಿದರೆ ಮುಗಿಯಿತು. ಮುಗಿಯುವುದು ಅಂತ ಒಂದಿದ್ದರೆ ಮಗು ಅಷ್ಟು ಅಳುವುದಿಲ್ಲ, ನಮ್ಮ ಮನೆಯಲ್ಲಿ ಇದು ನಡೆದಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಮಲಗುವಾಗ ಒಂದು ಓದಿ ಹೇಳಿ, ಐದು ನಿಮಿಷ ಆದರೂ ಸರಿ.

ಒಂಟಿಕೊಪ್ಪಲ್ ತಾತ, ಮೈಸೂರು:

ನಮ್ಮ ಬಡಾವಣೆಯಲ್ಲೇ 1935ರಲ್ಲಿ ಡಾ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದ್ದು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೇ ಇಲ್ಲಿ. ಹಾಗಾಗಿ ಹೊಸ ಯಂತ್ರ ಅಂದರೆ ಬೆದರುವ ಊರು ನಮ್ಮದಲ್ಲ. ನನ್ನ ಬಾಲ್ಯದಲ್ಲಿ ರೇಡಿಯೋ ಮನೆಗೆ ಒಂದು, ಹಾಲ್‌ನಲ್ಲಿ. ಎಲ್ಲರೂ ಕೇಳಬೇಕು, ಎಲ್ಲರೂ ಮಾತಾಡಬೇಕು. ಈಗಿನದ್ದು ಒಬ್ಬೊಬ್ಬರ ಅಂಗೈಯಲ್ಲಿ. ಪಕ್ಕದಲ್ಲಿ ಕೂತವರಿಗೂ ಒಳಗೇನಿದೆ ಗೊತ್ತಿಲ್ಲ.

ಮೊಮ್ಮಗಳು ಕೆನಡಾದಲ್ಲಿದ್ದಾಳೆ. ಎರಡೂವರೆ ವರ್ಷ. ದಿನಾ ವಿಡಿಯೋ ಕಾಲ್. ನಾನು ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ, ಅವಳು "ತಾತ ಎಲ್ಲಿ" ಅಂತಾಳೆ. ಹಿತ್ತಲ ಸೀಬೆ ಮರದ ಅಳಿಲು ತೋರಿಸುತ್ತೇನೆ. ಅಳಿಲು ಅನ್ನುವ ಪದ ಅವಳು ಕಲಿತದ್ದು ನನ್ನಿಂದಲೇ. ಇದೂ ಸ್ಕ್ರೀನೇ ತಾನೆ? ನಾನು ತಪ್ಪು ಮಾಡುತ್ತಿದ್ದೇನಾ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಬೋಗಾದಿ ಅಮ್ಮ, ಮೈಸೂರು:

ತಾತ, ಧಾರಾಳವಾಗಿ ಮಾಡಿ. ವೈದ್ಯರು ಸ್ಕ್ರೀನ್ ಬೇಡ ಅನ್ನುವಾಗಲೂ ಮನೆಯವರ ಜೊತೆ ವಿಡಿಯೋ ಕಾಲ್ ಪರವಾಗಿಲ್ಲ ಅನ್ನುತ್ತಾರೆ. 2014ರ ಒಂದು ಪ್ರಯೋಗದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕಾಲ್‌ನಲ್ಲಿ ಹೊಸ ಪದ ಕಲಿತರು. ರೆಕಾರ್ಡ್ ಮಾಡಿದ ವಿಡಿಯೋದಲ್ಲಿ ಕಲಿಯಲಿಲ್ಲ. ನೀವು ಅವಳ ಮಾತಿಗೆ ಉತ್ತರ ಕೊಡುತ್ತೀರಿ, ರೆಕಾರ್ಡಿಂಗ್ ಕೊಡುವುದಿಲ್ಲ.

ಇದೆಲ್ಲ ನಾನು ಹುಡುಕಿ ಓದಿದ್ದು ನನ್ನ ಮಗನಿಂದಾಗಿ. ಅವನ ಕಥೆ ಸ್ವಲ್ಪ ಉದ್ದ. ಆದರೆ ಮಂಡ್ಯದ ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅದೇ.

ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ನಮಗೆ ಗೊತ್ತಾದದ್ದು ಹನ್ನೊಂದನೇ ತಿಂಗಳಿಗೆ. ಕುಕ್ಕರ್ ಕೂಗಿದರೂ ತಿರುಗುತ್ತಿರಲಿಲ್ಲ. "ಗಂಡು ಮಕ್ಕಳಿಗೆ ಮಾತು ತಡ" ಅಂತ ಎಲ್ಲರೂ ಸಮಾಧಾನ ಹೇಳಿದರು. ಕೊನೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಪರೀಕ್ಷೆ ಮಾಡಿ ಎರಡೂ ಕಿವಿಗೆ ಮಷೀನ್ ಹಾಕಿದರು. ಆಗ ಅವನಿಗೆ ಹದಿನಾಲ್ಕು ತಿಂಗಳು. ಇಷ್ಟು ತಡವಾಯಿತಲ್ಲ ಅನ್ನುವ ಕೊರಗು ನನಗೆ ಈಗಲೂ ಇದೆ. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಇದೆಯಾ ಇಲ್ಲವಾ ಖಚಿತ, ಆರು ತಿಂಗಳೊಳಗೆ ಮಷೀನ್ ಮತ್ತು ಥೆರಪಿ ಶುರು. ಇದು ಎಲ್ಲ ಕಡೆ ಇಟ್ಟುಕೊಂಡಿರುವ ಗುರಿ. ಮಿದುಳು ಸದ್ದನ್ನು ಅರ್ಥ ಮಾಡಿಕೊಳ್ಳಲು ಕಲಿಯುವುದು ಆ ಮೊದಲ ವರ್ಷಗಳಲ್ಲೇ. ಕಳೆದುಹೋದ ತಿಂಗಳು ವಾಪಸ್ ಬರುವುದಿಲ್ಲ. ತಂತ್ರಜ್ಞಾನ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ.

ಮಷೀನ್ ಹಾಕಿದ ದಿನವೇ ಥೆರಪಿಸ್ಟ್ ನನ್ನನ್ನು ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಟಿವಿ ಎಷ್ಟು ಹೊತ್ತು ಓಡುತ್ತದೆ?" ನಮ್ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಓಡುತ್ತಿತ್ತು. ಆಫ್ ಮಾಡಿ ಅಂದರು. ಕಿವಿಯ ಮಷೀನ್ ಟಿವಿ ಸದ್ದನ್ನೂ ಅಮ್ಮನ ದನಿಯನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಮಗುವಿಗೆ ಯಾವುದು ಮಾತು, ಯಾವುದು ಗದ್ದಲ ಅಂತ ಬೇರೆ ಮಾಡಲು ಬರುವುದಿಲ್ಲ. ಟಿವಿ ಹೇಳುವ ಮಾತಿಗೂ ಮಗು ನೋಡುತ್ತಿರುವುದಕ್ಕೂ ಸಂಬಂಧ ಇರುವುದಿಲ್ಲ. ನೀವು ಚೆಂಬು ಹಿಡಿದು ಚೆಂಬು ಅನ್ನಿ, ನೀರು ಸುರಿಯುತ್ತಾ ನೀರು ಅನ್ನಿ. ದಿನಕ್ಕೆ ನೂರು ಸಲ ಅನ್ನಿ. ಹೀಗಂದರು.

ಒಂದೇ ಕೋಣೆಯಲ್ಲಿ, ಒಂದೇ ಗಂಟೆಯಲ್ಲಿ, ಒಂದು ಯಂತ್ರ ಹಾಕಿಸಿಕೊಂಡು ಇನ್ನೊಂದನ್ನು ಆರಿಸುತ್ತೇವೆ ಅಂತ ಒಪ್ಪಿ ಬಂದೆವು.

ಆಮೇಲೆ ಮೂರು ವರ್ಷ ಅಲ್ಲಿಯ ಪ್ರೀಸ್ಕೂಲ್‌ಗೆ ಹೋದೆವು. ಅಮ್ಮಂದಿರೂ ಮಕ್ಕಳ ಜೊತೆ ಕೂತು ಕಲಿಯಬೇಕು. ಬೇರೆ ಬೇರೆ ಊರಿನಿಂದ ಬಂದು ಮೈಸೂರಲ್ಲಿ ರೂಮು ಮಾಡಿಕೊಂಡಿದ್ದವರೂ ಇದ್ದರು. ಆ ಅಮ್ಮಂದಿರಿಗೆ ಒಂದೊಂದು ಪದವೂ ಎಷ್ಟು ದುಡಿಮೆಯಿಂದ ಬರುತ್ತದೆ ಅಂತ ಗೊತ್ತು. 2003ರಲ್ಲಿ ಪೆಟ್ರೀಷಿಯಾ ಕುಲ್ ಅನ್ನುವ ವಿಜ್ಞಾನಿ ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರಂತೆ. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಸದ್ದು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಓದಿದಾಗ ಥೆರಪಿಸ್ಟ್ ಮೇಡಂ ನೆನಪಾಗಿ ಕಣ್ಣು ತುಂಬಿತು.

ಈಗ ಮಗನಿಗೆ ಒಂಬತ್ತು. ಮಾಮೂಲಿ ಶಾಲೆ. ಮೊನ್ನೆ ಅವನ ತಂಗಿ ಹಾಡು ಹಾಕಿಕೊಂಡಿದ್ದಳು. "ಸೌಂಡ್ ಕಮ್ಮಿ ಮಾಡೇ, ಅಮ್ಮ ಏನೋ ಹೇಳ್ತಿದ್ದಾಳೆ" ಅಂದ.

ಕುವೆಂಪುನಗರ, ಮೈಸೂರು:

ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆದೆ. ಮಗನಿಗೆ ಏಳಕ್ಕೇ ಕನ್ನಡಕ ಬಂತು. ಕಣ್ಣಿನ ಡಾಕ್ಟರು ಬಿಸಿಲಿಗೆ, ಬಯಲಿಗೆ ಬಿಡಿ ಅಂದರು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳನ್ನು ದಿನಾ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟು ನೋಡಿದರಂತೆ. ಮೂರು ವರ್ಷದಲ್ಲಿ ಹೊಸದಾಗಿ ದೂರದ್ದು ಮಂಜಾಗಿ ಕಾಣಲು ಶುರುವಾದವರು ಶೇ 30, ಹಾಗೆ ಬಿಡದ ಶಾಲೆಗಳಲ್ಲಿ ಶೇ 40ರ ಹತ್ತಿರ. 2015ರಲ್ಲಿ ಬಂದ ಲೆಕ್ಕ. ನಾವೀಗ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇವೆ. ದೂರದ ಹಕ್ಕಿ ಯಾವುದು ಅಂತ ಅವನು ಹೇಳಬೇಕು.

ಮಳವಳ್ಳಿ ಹುಡುಗ:

ಬೋಗಾದಿ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ತಂಗಿಗೆ ಐದು ವರ್ಷ. ಅವಳಿಗೂ ಫೋನ್ ಕೊಟ್ಟರೆ ನನ್ನ ಹಾಗೇ ಕಲಿಯುತ್ತಾಳೆ ಅಂದುಕೊಂಡಿದ್ದೆ. ಈಗ ಅವಳಿಗೆ ಬೇರೆ, ನನಗೆ ಬೇರೆ ಅನಿಸುತ್ತಿದೆ. ಹನ್ನೆರಡರ ಮಕ್ಕಳಿಗೆ ಕೊಡಿ ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಹೇಳಿ. ಶನಿವಾರ ಬಂದು ದೊಡ್ಡ ಮಕ್ಕಳಿಗೆ ಹೇಳಿಕೊಡುತ್ತೇನೆ, ಮಳವಳ್ಳಿಯಿಂದ ಬಸ್ಸಿದೆ.

ಪಾಂಡವಪುರ ಮೇಷ್ಟ್ರು:

ಬಾ ಮಗು. ಎರಡು ಇವೆ. ಊಟ ನಮ್ಮನೆಯಲ್ಲಿ.

ಗುತ್ತಲು ರಸ್ತೆ ಅಮ್ಮ, ಮಂಡ್ಯ:

ಮೂರು ವಾರವಾಯಿತು, ಏನಾಯಿತು ಅಂತ ಹೇಳಬೇಕಲ್ಲ. ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ಮಳವಳ್ಳಿ ಹುಡುಗನ ಮಾತು ಬಂದಾಗ "ನೋಡು" ಅಂದರು. ಬೋಗಾದಿ ಅಕ್ಕನ ಮಾತು ಮುಗಿದಾಗ ಏನೂ ಅನ್ನಲಿಲ್ಲ. ಮರುದಿನ ಅವರೇ ಶಾಲೆಗೆ ಬಂದರು. ಟ್ಯಾಬ್‌ನಲ್ಲಿ ಮಗು ಏನು ಮಾಡುತ್ತದೆ, ಪಕ್ಕದಲ್ಲಿ ಯಾರು ಕೂರುತ್ತಾರೆ, ಬೇಡ ಅಂದರೆ ನಡೆಯುತ್ತದಾ ಅಂತ ಮೂರು ಪ್ರಶ್ನೆ ಕೇಳಿದರು. ಮೂವತ್ತೈದು ಮಕ್ಕಳಿಗೆ ಒಬ್ಬರೇ ಮಿಸ್. ಟ್ಯಾಬ್ ಕಡ್ಡಾಯ. ಅಲ್ಲಿ ಸೇರಿಸುತ್ತಿಲ್ಲ. ಮನೆಯಿಂದ ಎರಡು ಬೀದಿ ಆಚೆ ಇನ್ನೊಂದು ಶಾಲೆ ಇದೆ, ಚಿಕ್ಕದು. ಅಂಗಳದಲ್ಲಿ ಮರಳು ಸುರಿದಿದ್ದಾರೆ. ಅಲ್ಲಿ ಹೆಸರು ಬರೆಸಿದೆವು.

ಊಟದ ವಿಷಯ ಕಷ್ಟವಾಯಿತು. ಮೊದಲ ಮೂರು ದಿನ ತಟ್ಟೆ ತಳ್ಳಿದಳು. ಅತ್ತೆಗೂ ಅಳು ಬಂತು, ಮಗು ಉಪವಾಸ ಇದ್ದಾಳೆ ಅಂತ. ನಾಲ್ಕನೇ ದಿನ ಅತ್ತೆಯೇ ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ, ರಸ್ತೆಯಲ್ಲಿ ಎಳನೀರು ತುಂಬಿದ ಗಾಡಿ ಎಷ್ಟು ಹೋದವು ಅಂತ ಎಣಿಸಲು ಕೂತರು. ಗಾಡಿಗೆ ಒಂದು ತುತ್ತು. ಈಗ ಹದಿನಾಲ್ಕರವರೆಗೆ ಎಣಿಸುತ್ತಾಳೆ, ಹನ್ನೆರಡು ಬಿಟ್ಟುಹೋಗುತ್ತದೆ.

ನಿನ್ನೆ ಭಾನುವಾರ ಯಜಮಾನರು ಕೆಟ್ಟುಹೋಗಿದ್ದ ಟಾರ್ಚ್ ತಂದು ಅವಳ ಮುಂದೆ ಬಿಚ್ಚಿದರು. ಬಲ್ಬು, ಸ್ಪ್ರಿಂಗು, ಎರಡು ಸೆಲ್ಲು ಚಾಪೆ ಮೇಲೆ ಸಾಲಾಗಿ ಇಟ್ಟರು. ಹೊಸ ಸೆಲ್ಲು ಹಾಕಿದಾಗ ಬೇಕಂತಲೇ ಒಂದನ್ನು ಉಲ್ಟಾ ಹಾಕಿದರು. ಹತ್ತಲಿಲ್ಲ. ಅವಳು ಸ್ವಿಚ್ಚು ಒತ್ತಿ ಒತ್ತಿ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿ, "ಯಾಕೆ ಹತ್ತಲ್ಲ?" ಅಂದಳು. ಅವರು ಉತ್ತರ ಹೇಳಲಿಲ್ಲ. ಮುಚ್ಚಳ ತಿರುಗಿಸಿ ಅವಳ ಕೈಗೆ ಕೊಟ್ಟರು.